ಚದುರಿದ ಹಿಡುವಳಿ, ಚದುರಿದ ಕಡತ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಒಕ್ಕಲು ಮನೆತನಗಳಲ್ಲಿ ಹಿಡುವಳಿಯು ಚದುರಿಹೋಗುವ ಬಗೆಯನ್ನು ವಾಚಕರು ಬಲ್ಲರು. ಅಣ್ಣತಮ್ಮಂದಿರು ಬೇರೆಯಾಗುವಾಗ ಗದ್ದೆಯಲ್ಲಿ ಎಲ್ಲರಿಗೂ ಪಾಲು ಬೇಕು, ಹೊಲದಲ್ಲಿ ಪಾಲು ಬೇಕು, ತೋಟದಲ್ಲಿಯೂ ಪಾಲು ಬೇಕು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಒಬ್ಬನ ಹೆಸರಿನ ನಾಲ್ಕು ಎಕರೆ ನಾಲ್ಕು ದಿಕ್ಕಿಗೆ ಬಿದ್ದಿರುತ್ತದೆ: ಒಂದು ತುಂಡು ವಿಶ್ವೇಶ್ವರಯ್ಯ ನಾಲೆಯ ತೂಬಿನ ಬಳಿ, ಒಂದು ಕೆರೆಯ ಹಿಂದೆ, ಮತ್ತೊಂದು ಊರಾಚೆಯ ಖುಷ್ಕಿಯಲ್ಲಿ. ಭೂಮಿಯೇನೋ ನಷ್ಟವಾಗಲಿಲ್ಲ, ಉಳುವವನ ಹೊತ್ತು ಮಾತ್ರ ನಡಿಗೆಯಲ್ಲಿಯೇ ಸವೆಯಿತು. ಹಿಡುವಳಿಗಳು ತುಂಡಾಗುವುದನ್ನು ತಡೆದು ಅವನ್ನು ಒಟ್ಟುಗೂಡಿಸಬೇಕೆಂದು ೧೯೬೬ರಲ್ಲಿ ರಾಜ್ಯದಲ್ಲಿ ಒಂದು ಕಾಯಿದೆಯೂ ಆಯಿತು. ಆದರೆ ಪಾಲಾಗುವುದು ನಿಲ್ಲಲಿಲ್ಲ. ಇದೇ ವ್ಯಾಧಿಯು ಗಣಕಯಂತ್ರದ ಹಾರ್ಡ್ ಡಿಸ್ಕಿಗೂ ತಗಲಿತೆಂಬುದೂ, ತುಂಡುಗಳನ್ನು ಕೂಡಿಸುವುದೆಂಬ ಅರ್ಥದ ‘ಡಿಫ್ರಾಗ್ಮೆಂಟೇಶನ್’ ಎಂಬ ಹೆಸರೇ ಅದರ ಚಿಕಿತ್ಸೆಗೂ ಬಂದಿತೆಂಬುದೂ ವಿಚಾರಾರ್ಹವಾದ ಸಂಗತಿಗಳು.

ಈ ಸೀಮೆಯ ಲೆಕ್ಕಪತ್ರಗಳು ಯಂತ್ರದೊಳಕ್ಕೆ ಸೇರಿದ ಕಥೆ ದೀರ್ಘವಾದುದಲ್ಲ. ಪಹಣಿಯೂ ಖಾತೆಯೂ ಮೊದಲು ಶಾನುಭೋಗರ ಕೈಯಲ್ಲಿದ್ದುವು. ೧೯೬೩ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದ ಮೇಲೆ ಅವು ಗ್ರಾಮಲೆಕ್ಕಿಗರ ವಶಕ್ಕೆ ಬಂದುವು. ಆ ಬಳಿಕ, ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ, ‘ಭೂಮಿ’ ಯೋಜನೆಯು ಕರ್ನಾಟಕದ ಅಂದಿನ ೧೭೭ ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ ೧೫ ರೂಪಾಯಿ ತೆತ್ತವನಿಗೆ ಮುದ್ರಿತವಾದ ಪಹಣಿಯು ಕೈಸೇರಿತು. ಇತ್ತ ಮನೆಗಳಲ್ಲಿಯೂ ೧೯೯೮ರಲ್ಲಿ ಬಂದ ‘ಬರಹ’ದಿಂದ, ಆಮೇಲೆ ‘ನುಡಿ’ಯಿಂದ, ಕನ್ನಡದ ಕಾಗದಪತ್ರಗಳು, ಮದುವೆಯ ಕರೆಯೋಲೆಗಳು, ವಂಶಾವಳಿಗಳು ಗಣಕದಲ್ಲಿ ತುಂಬತೊಡಗಿದುವು. ಹೀಗೆ ಕಾಗದದ ಮೇಲಿದ್ದುದು ಕಣ್ಣಿಗೆ ಕಾಣದ ತಟ್ಟೆಯ ಮೇಲಿನ ಬರಹವಾಯಿತು.

ಆ ತಟ್ಟೆಯ ಸ್ವರೂಪವನ್ನು ತಿಳಿಯದೆ ವ್ಯಾಧಿಯ ಮೂಲವು ತಿಳಿಯದು. ೧೯೫೬ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ ೨೪ ಅಂಗುಲ ಅಗಲದ ೫೦ ತಟ್ಟೆಗಳಿದ್ದುವು; ಅದು ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು. ಮನೆಯ ಗಣಕಗಳಲ್ಲಿ ತಟ್ಟೆಯು ಅಂಗೈಯಗಲಕ್ಕೆ ಇಳಿದರೂ ಕ್ರಮವು ಅದೇ ಉಳಿಯಿತು: ಕಾಂತಶಕ್ತಿಯುಳ್ಳ ತಟ್ಟೆಯು ನಿಮಿಷಕ್ಕೆ ೫,೪೦೦ ಸುತ್ತು ತಿರುಗುತ್ತಿರಲು, ಒಂದು ತೋಳು ಅದರ ಮೇಲೆ ಒಳಹೊರಗೆ ಚಲಿಸುತ್ತ ಓದಿ ಬರೆಯುತ್ತದೆ. ತಟ್ಟೆಯೆಲ್ಲವೂ ೫೧೨ ಅಕ್ಷರಗಳ ಸಣ್ಣ ಸಣ್ಣ ತಾಕುಗಳಾಗಿ ವಿಭಾಗವಾಗಿರುತ್ತದೆ. ಯಾವ ಕಡತವು ಯಾವ ತಾಕುಗಳಲ್ಲಿದೆ ಎಂಬುದಕ್ಕೆ ಒಂದು ಖಾತೆಪುಸ್ತಕವುಂಟು. ೧೯೭೭ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿ ರೂಪುಗೊಂಡ ‘ಫ್ಯಾಟ್’ ಎಂಬುದು ಅಂಥ ಖಾತೆ. ಅದರ ಎರಡು ಪ್ರತಿಗಳನ್ನು ಡಿಸ್ಕಿನಲ್ಲಿಯೇ ಇರಿಸುವುದು ರೂಢಿ.

ಹೊಸ ಡಿಸ್ಕಿನಲ್ಲಿ ಕಡತಗಳು ಸಾಲಾಗಿ ಕೂರುತ್ತವೆ. ಕೆಲವನ್ನು ಅಳಿಸಿದಾಗ ನಡುನಡುವೆ ಬೀಳು ಉಳಿಯುತ್ತದೆ; ಆಮೇಲೆ ಬಂದ ದೊಡ್ಡ ಕಡತವು ಒಂದು ಬೀಳಿನಲ್ಲಿ ಹಿಡಿಸದೆ ಹತ್ತು ಕಡೆ ಹಂಚಿಹೋಗುತ್ತದೆ. ತೋಳು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಲು ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟು ಹೊತ್ತು ಹಿಡಿಯುತ್ತದೆ. ಒಂದು ಸಲಕ್ಕೆ ಇದು ಅಲ್ಪವೇ; ಸಾವಿರ ಸಲಕ್ಕೆ ಅಲ್ಪವಲ್ಲ. ನಾಲ್ಕು ದಿಕ್ಕಿನ ಹೊಲಗಳ ನಡುವೆ ಅಲೆಯುವ ಒಕ್ಕಲಿಗನ ಪಾಡೇ ಆ ತೋಳಿನ ಪಾಡು.

ಇದರ ಚಿಕಿತ್ಸೆಯು ೧೯೯೩ರ ಎಂಎಸ್-ಡಾಸ್ ಆರನೆಯ ಆವೃತ್ತಿಯೊಡನೆ ಮನೆಮನೆಗೆ ಬಂದಿತು. ಅನಂತರ ವಿಂಡೋಸ್ ೯೫, ವಿಂಡೋಸ್ ೯೮ರಲ್ಲಿ ಮುಂದುವರಿಯಿತು. ಪರದೆಯ ಮೇಲೆ ಬಣ್ಣದ ಚೌಕಗಳು ಒಂದೊಂದಾಗಿ ಸರಿದು ಸಾಲುಗೂಡುವುದನ್ನು ನೋಡುತ್ತ ಗಂಟೆಗಟ್ಟಲೆ ಕುಳಿತವರು ಅನೇಕರು. ಕೆಲಸವು ಸುಗಮವಾಗಿ ಮುಗಿಯದೆ ಹೋಗುವುದೂ ಸಾಮಾನ್ಯವಾಗಿತ್ತು. ಶೇಕಡ ಹತ್ತಕ್ಕೆ ಬಂದು ಮತ್ತೆ ಮೊದಲಿನಿಂದ ಆರಂಭವಾಗುವುದು, ಹತ್ತು ಬಾರಿ ಹೀಗಾಯಿತೆಂದು ಯಂತ್ರವೇ ಎಚ್ಚರಿಸುವುದು, ಇವೆಲ್ಲ ಆ ಕಾಲದ ಅನುಭವಗಳು.

ಕಾರಣವು ಗೂಢವಾದುದೇನಲ್ಲ. ಡಿಸ್ಕನ್ನು ಜೋಡಿಸುತ್ತಿರುವಾಗಲೇ ಬೇರೊಂದು ತಂತ್ರಾಂಶ, ವೈರಸ್ ತಡೆಯುವುದೋ ಪರದೆಯನ್ನು ಅಲಂಕರಿಸುವುದೋ, ಅಲ್ಲಿ ಏನನ್ನಾದರೂ ಬರೆದರೆ ಮಾಡಿದ ಲೆಕ್ಕವು ತಪ್ಪಿಹೋಗುತ್ತದೆ. ಸರ್ವೆಯವರು ಸರಪಣಿ ಹಿಡಿದಿರುವಾಗಲೇ ಯಾರೋ ಬಾಂದುಕಲ್ಲನ್ನು ಸರಿಸಿದಂತೆ! ಆದುದರಿಂದ ಉಳಿದ ತಂತ್ರಾಂಶಗಳನ್ನೆಲ್ಲ ಮುಚ್ಚಿ, ಅಗತ್ಯವಿದ್ದಷ್ಟನ್ನೇ ನಡೆಸುವ ‘ಸೇಫ್ ಮೋಡ್’ನಲ್ಲಿ ಯಂತ್ರವನ್ನು ಎಬ್ಬಿಸಿ, ಆಮೇಲೆ ಜೋಡಣೆಗೆ ತೊಡಗುವುದು ಬಲ್ಲವರ ಪದ್ಧತಿಯಾಯಿತು.

ಎರಡನೆಯ ಕಾರಣವು ಸ್ಥಳಾಭಾವ. ತುಂಬಿ ತುಳುಕುವ ಕಣಜದಲ್ಲಿ ಮೂಟೆಗಳನ್ನು ಅದಲುಬದಲು ಮಾಡಲು ಹಜಾರದಲ್ಲಿ ಸ್ವಲ್ಪವಾದರೂ ತೆರಪು ಬೇಕು. ೨೦೦೧ರ ವಿಂಡೋಸ್ ಎಕ್ಸ್‌ಪಿಯು ಪೂರ್ಣ ಜೋಡಣೆಗೆ ಶೇಕಡ ೧೫ರಷ್ಟು ಬರಿದಾದ ಜಾಗವನ್ನು ಕೇಳುತ್ತಿತ್ತು.

ಮೂರನೆಯದು ಎಲ್ಲಕ್ಕಿಂತ ಘೋರವಾದುದು: ತಟ್ಟೆಯೇ ಸವೆದಿರುವುದು. ಡಿಸ್ಕಿನ ತಾಕುಗಳಲ್ಲಿ ತರಿ ಖುಷ್ಕಿಗಳೆಂಬ ಭೇದವಿಲ್ಲ. ಎಲ್ಲವೂ ಒಂದೇ ಫಲವತ್ತು. ಭೂಮಿಯಲ್ಲಿ ಕೂಡದಿದ್ದ ಒಟ್ಟುಗೂಡಿಕೆಯು ಡಿಸ್ಕಿನಲ್ಲಿ ಸುಲಭವಾದುದು ಈ ಕಾರಣದಿಂದಲೇ. ಆದರೆ ಹಳೆಯ ಡಿಸ್ಕಿನಲ್ಲಿ ಕೆಲವು ತಾಕುಗಳು ಚೌಳು ಭೂಮಿಯಂತೆ ಕೆಟ್ಟು, ಬಿತ್ತಿದುದನ್ನು ಹಿಂದಕ್ಕೆ ಕೊಡವು. ಅಲ್ಲಿಗೆ ಬಂದಾಗ ತೋಳು ಟಕಟಕನೆ ಸದ್ದುಮಾಡುತ್ತ ತಡವರಿಸುತ್ತದೆ. ಇಂಥ ಡಿಸ್ಕಿಗೆ ಜೋಡಣೆಯ ಶ್ರಮವನ್ನು ಹೊರಿಸುವುದೆಂದರೆ ಮುದಿ ಎತ್ತನ್ನು ಕಬ್ಬಿನ ಗಾಡಿಗೆ ಕಟ್ಟಿದಂತೆ. ಮೊದಲು ‘ಸ್ಕ್ಯಾನ್‌ಡಿಸ್ಕ್’ನಂಥ ಸಾಧನದಿಂದ ತಟ್ಟೆಯನ್ನು ಪರೀಕ್ಷಿಸಬೇಕು, ಅದಕ್ಕೂ ಮೊದಲು ಬೇಕಾದ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿರಿಸಬೇಕು.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ೧೯೦೨ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ಆ ಕೀರ್ತಿಯುಳ್ಳ ಸೀಮೆಯಲ್ಲಿಯೂ ಕೆಲಸದ ನಡುವೆ ವಿದ್ಯುತ್ತು ಹೋಗುವುದು ಹೊಸತಲ್ಲ. ಡಾಸ್ ಕಾಲದ ಯಂತ್ರಗಳಲ್ಲಿ ಕಡತವು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುತ್ತಿರುವಾಗ ಬೆಳಕು ನಂದಿದರೆ, ಕಡತದೊಡನೆ ಖಾತೆಯೂ ಕೆಡುವ ಭಯವಿತ್ತು. ಸಹನೆಗೆಟ್ಟು ಗುಂಡಿಯನ್ನೊತ್ತಿ ಯಂತ್ರವನ್ನು ಆರಿಸಿದವರಿಗೂ ಅದೇ ಗತಿ.

ಇತ್ತೀಚಿನ ಗಣಕಗಳಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲದ ‘ಎಸ್‌ಎಸ್‌ಡಿ’ ಎಂಬ ಸಂಗ್ರಹವು ಬಂದಿದೆ. ಅದರಲ್ಲಿ ನಡಿಗೆಯೇ ಇಲ್ಲವಾದುದರಿಂದ ಚದುರುವುದರ ನಷ್ಟವು ಅಲ್ಪ. ಅಲ್ಲಿ ಪದೇ ಪದೇ ಬರೆಯುವುದರಿಂದ ಆಯುಷ್ಯವೇ ಸವೆಯುತ್ತದೆ. ೨೦೦೯ರ ವಿಂಡೋಸ್ ೭ರಲ್ಲಿಯೇ ಅಂಥವುಗಳಿಗೆ ನಿಯತಕಾಲದ ಜೋಡಣೆಯನ್ನು ಕೈಬಿಡಲಾಯಿತು. ಒಂದು ಕಾಲದ ಔಷಧವು ಮತ್ತೊಂದು ಕಾಲಕ್ಕೆ ಅಪಥ್ಯವಾಯಿತು.

ಹಳೆಯ ಗಣಕವನ್ನು ಇನ್ನೂ ಅಟ್ಟದ ಮೇಲಿರಿಸಿಕೊಂಡಿರುವ ಮನೆಗಳು ಈ ಸೀಮೆಯಲ್ಲಿ ಇರಬಹುದು. ಹಿರಿಯರು ಬೆರಳಚ್ಚಿಸಿದ ವಂಶಾವಳಿಯು ಬೇರೆಲ್ಲಿಯೂ ಇಲ್ಲದೆ ಅದರ ತಟ್ಟೆಯಲ್ಲಿ ಮಾತ್ರ ಉಳಿದಿರಬಹುದು. ಅದು ಮೆಲ್ಲಗೆ ತೆರೆಯುತ್ತದೆಂದು ಬೇಸರಪಟ್ಟು ಮೊದಲ ದಿನವೇ ಜೋಡಣೆಗೆ ಕೈಹಾಕುವುದು ವಿವೇಕವಲ್ಲ. ಹೊಲವು ಹತ್ತು ತುಂಡಾದರೂ ಖಾತೆಯು ಸರಿಯಾಗಿರುವವರೆಗೆ ಒಡೆಯನು ಒಡೆಯನೇ. ಖಾತೆಯು ಕಳೆದರೆ ಒಂದೇ ಕಡೆಯ ಹೊಲವೂ ಕೈತಪ್ಪುತ್ತದೆ. ಚದುರಿದುದು ಕಳೆದುದಲ್ಲ. ಮೊದಲು ಪ್ರತಿ, ಅನಂತರ ಪರೀಕ್ಷೆ, ಕಡೆಗೆ ಜೋಡಣೆ: ಈ ಕ್ರಮವನ್ನು ಮೀರಿದ ಆತುರದಿಂದ ಕಳೆದುಹೋದ ಕಡತವನ್ನು ಯಾವ ವೇಗವೂ ಮರಳಿ ತರಲಾರದು.