ಹದಿಹರೆಯದವರ ರೋಗದಾಖಲೆ: ಓದುವವರು ಯಾರು?

ರೋಗಿಯ ದಾಖಲೆಯನ್ನು ರೋಗಿಗೇ ಕೊಡಬೇಕೆಂದು 1973ರಲ್ಲಿ ಶೆಂಕಿನ್ ಮತ್ತು ವಾರ್ನರ್ ಎಂಬಿಬ್ಬರು ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ವಾದಿಸಿದರು. ಓದಿದವನು ಗಾಬರಿಯಾದಾನು ಎಂಬ ಅಳುಕು ವೈದ್ಯರಲ್ಲಿ ಬಹುಕಾಲ ಉಳಿಯಿತು. 2010ರಲ್ಲಿ ಬಾಸ್ಟನ್, ಪೆನ್ಸಿಲ್ವೇನಿಯಾ, ಸಿಯಾಟಲ್‌ಗಳ 105 ವೈದ್ಯರು ತಮ್ಮ ಟಿಪ್ಪಣಿಗಳನ್ನು ಅಂತರ್ಜಾಲದಲ್ಲಿ ರೋಗಿಗಳಿಗೆ ತೆರೆದಿಟ್ಟರು. ವರ್ಷದ ಕೊನೆಗೆ ನಿಲ್ಲಿಸುತ್ತೇನೆಂದವರು ಒಬ್ಬರೂ ಇಲ್ಲ.

ಇದು ದೊಡ್ಡವರ ಮಾತಾಯಿತು. ಮಕ್ಕಳದು? ಸ್ವೀಡನ್ನಿನ ಉಪ್ಸಾಲಾ ಪ್ರಾಂತ 2012ರಲ್ಲಿ ದಾಖಲೆಗಳನ್ನು ಜನರಿಗೆ ತೆರೆಯಿತು. ಮುಂದೆ ಆ ದೇಶದಲ್ಲಿ ರೂಢಿಗೆ ಬಂದ ನಿಯಮ ಸೋಜಿಗದ್ದು: ಮಗುವಿಗೆ 13 ತುಂಬುವವರೆಗೆ ತಂದೆತಾಯಿ ಓದಬಹುದು, 16 ತುಂಬಿದ ಮೇಲೆ ಮಗುವೇ ಓದಬಹುದು. ನಡುವಣ ಮೂರು ವರ್ಷ, ವಿಶೇಷ ಅನುಮತಿಯಿಲ್ಲದೆ, ಮನೆಯಲ್ಲಿ ಯಾರೂ ಓದುವಂತಿಲ್ಲ. ಹುಡುಗಿಯೊಬ್ಬಳು ವೈದ್ಯರನ್ನು ನಂಬಿ ಹೇಳಿದ್ದು ಮನೆಯವರ ಕಣ್ಣಿಗೆ ಬೀಳಬಾರದೆಂಬುದು ಕಾರಣ; ಅದನ್ನು ನಾವು ಅಲ್ಲಗಳೆಯೆವು. ಆದರೆ ಮೈಗೆ ಒಗ್ಗದ ಔಷಧದ ಹೆಸರು ತಪ್ಪಾಗಿ ದಾಖಲಾಗಿದ್ದರೆ ಅದನ್ನು ಕಂಡುಹಿಡಿಯುವವರು ಯಾರು?

ನಮ್ಮ ದೇಶದಲ್ಲಿ, 2002ರ ನಿಯಮದಂತೆ, ರೋಗಿಯೋ ಅವರ ಪರವಾದವರೋ ಕೇಳಿದರೆ ವೈದ್ಯರು 72 ಗಂಟೆಗಳೊಳಗೆ ದಾಖಲೆ ಕೊಡಬೇಕು. ವರ್ಗವಾದಾಗಲೆಲ್ಲ ಊರಿಂದೂರಿಗೆ ಫೈಲು ಹೊತ್ತು ತಿರುಗುವ ನಾವು, ಅಜ್ಜಿಯ ಫೈಲಿನ ಇಂಗ್ಲಿಷನ್ನು ಓದಿ ಆಕೆಗೆ ಕನ್ನಡದಲ್ಲಿ ಹೇಳುವ ಕೆಲಸವನ್ನು ಹದಿನಾಲ್ಕರ ಮಕ್ಕಳಿಗೇ ಒಪ್ಪಿಸಿದ್ದೇವೆ. ಅವರದೇ ಫೈಲು ಮಾತ್ರ ಇನ್ನೂ ನಮ್ಮ ಬೀರುವಿನಲ್ಲಿದೆ.