ಫುಟ್ಬಾಲ್ ಕಾಲು, ಹಾಕಿ ಕೋಲು

ಮೊನ್ನೆ ಸುಂಟಿಕೊಪ್ಪದಲ್ಲಿ ಹುಡುಗರ ಫುಟ್ಬಾಲ್ ನೋಡುತ್ತ ನಿಂತಿದ್ದೆ. ಹನ್ನೆರಡರ ಪೋರನೊಬ್ಬ ತನಗಿಂತ ಗೇಣುದ್ದ ಎತ್ತರದವನನ್ನು ಮೀರಿ ನೆಗೆದು ಚೆಂಡಿಗೆ ತಲೆ ಕೊಟ್ಟ. "ಈ ಹುಡುಗನ್ನ ಹಾಕಿಗೆ ಸೇರಿಸ್ಬೇಕು" ಅಂದರು ಪಕ್ಕದ ಹಿರಿಯರು. ಕೊಡಗಲ್ಲವೇ! :)

ನನಗೆ ಎಂ.ಪಿ. ಗಣೇಶ್ ನೆನಪಾದರು. 1946ರಲ್ಲಿ ಹುಟ್ಟಿದ ಅವರು ಮೊದಲು ಫುಟ್ಬಾಲ್ ಆಟಗಾರ. 1960ರ ದಶಕದ ಮೊದಲ ವರ್ಷಗಳಲ್ಲಿ, ಇನ್ನೂ ಹದಿಹರೆಯದಲ್ಲೇ, ಕೊಡಗು ಜಿಲ್ಲೆಗೆ ಆಡಿದ್ದರು. ಹಾಕಿಗೆ ಹೊರಳಿದ್ದು ಸೈನ್ಯ ಸೇರಿದ ಮೇಲೆ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. 1973ರ ಆಮ್‌ಸ್ಟರ್‌ಡ್ಯಾಮ್ ವಿಶ್ವಕಪ್ಪಿನಲ್ಲಿ ಅವರೇ ನಾಯಕ. ಫೈನಲ್ಲಿನಲ್ಲಿ ಹಾಲೆಂಡ್ ಎದುರು ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಚಿನ್ನ ಕೈತಪ್ಪಿತು. ಪದ್ಮಶ್ರೀ ಬಂದದ್ದು 2020ರಲ್ಲಿ!

ನಿಂತಲ್ಲಿಂದ ಎಷ್ಟು ನೆಗೆಯುತ್ತಾರೆಂದು ಕಾಲಿನ ಬಲ ಅಳೆಯುವ ಪರೀಕ್ಷೆಯನ್ನು ಅಮೆರಿಕದ ಡಡ್ಲಿ ಸಾರ್ಜೆಂಟ್ 1921ರಲ್ಲೇ ಪ್ರಕಟಿಸಿದ್ದ. ಇವತ್ತಿಗೂ ಗೋಡೆ, ಸೀಮೆಸುಣ್ಣ ಇದ್ದರೆ ಸಾಕು: ಕೈ ಚಾಚಿದ ಗುರುತಿಗೂ ಹಾರಿ ಮುಟ್ಟಿದ ಗುರುತಿಗೂ ಇರುವ ಅಂತರವೇ ಲೆಕ್ಕ. ಹಾಕಿಯಲ್ಲಿ ತಲೆಗೆ ಚೆಂಡಿಲ್ಲ, ನಿಜ. ಆದರೆ ನೆಗೆಸುವ ಅದೇ ಬಲ ಓಟದ ಮೊದಲ ಹೆಜ್ಜೆಗೂ ಬೇಕು. ಥಟ್ಟನೆ ದಿಕ್ಕು ಬದಲಿಸುವ ಚುರುಕಂತೂ ಎರಡೂ ಆಟಕ್ಕೆ ಬಂಡವಾಳ. ಹಿರಿಯರ ಕಣ್ಣಳತೆ ಸುಳ್ಳಲ್ಲ.

ಆದರೂ ಪ್ರತಿ ಸಲ ಫುಟ್ಬಾಲೇ ಯಾಕೆ ಬಿಟ್ಟುಕೊಡಬೇಕು ಅಂತ ನನಗೆ ಸ್ವಲ್ಪ ಉರಿ. ಆ ಪೋರ ಮಾತ್ರ ಇದ್ಯಾವುದನ್ನೂ ಕೇಳಿಸಿಕೊಳ್ಳದೆ, ಮುಂದಿನ ಕಾರ್ನರ್‌ಗೆ ಆಗಲೇ ಗೋಲಿನ ಮುಂದೆ ಕುಣಿಯುತ್ತ ನಿಂತಿದ್ದ.