ಒಂದ ಶಿಲ್ಲಿಂಗಿನ ಮಧ್ಯಾಹ್ನ

ಮಧ್ಯಾಹ್ನ ಒಂದ ಗಂಟೆ ಅಂದ್ರ ನಮಗೆಲ್ಲಾ ಬಡಸೂದು, ಉಣ್ಣೂದು, ಮುಸುರಿ ತಿಕ್ಕೂದು, ಇಷ್ಟ. ಸಂಗೀತ ಕೇಳೂದಿದ್ರ ಸಂಜಿಮುಂದ, ಇಲ್ಲಾ ರಾತ್ರಿ. ಆದ್ರ ಲಂಡನ್‌ದಾಗ ಆರೂವರಿ ವರ್ಷ ಇದೇ ಒಂದ ಗಂಟೆಕ್ಕ ಕಛೇರಿ ನಡೀತಿತ್ತು. ಅದೂ ಎರಡನೇ ಮಹಾಯುದ್ಧದಾಗ, ಮ್ಯಾಲಿಂದ ಬಾಂಬ್ ಬೀಳೂ ಕಾಲದಾಗ. ಅದನ್ನ ಶುರು ಮಾಡಿದಾಕಿ ಒಬ್ಬ ಹೆಣ್ಣಮಗಳು. ಹೆಸರು ಮೈರಾ ಹೆಸ್.

ಮೈರಾ ಹುಟ್ಟಿದ್ದು 1890ರಾಗ, ಲಂಡನ್‌ದ ಒಂದ ಯಹೂದಿ ಮನಿತನದಾಗ. ಸಣ್ಣಾಕಿ ಇದ್ದಾಗಿಂದ ಪಿಯಾನೊ ಕಲತ್ಲು. ಪಿಯಾನೊ ಅಂದ್ರ ನೋಡ್ಲಿಕ್ಕೆ ನಮ್ಮ ಪೇಟಿ ಗತೆ ಬಿಳಿ-ಕರಿ ಮನಿ ಇರ್ತಾವ ಖರೆ, ಆದ್ರ ಒಳಗಿನ ರೀತಿನ ಬ್ಯಾರೆ. ಪೇಟಿ ಗಾಳಿಯಿಂದ ನುಡೀತದ. ಪಿಯಾನೊದಾಗ ಒಂದೊಂದ ಮನಿ ಒತ್ತಿದ್ರ ಒಳಗ ಒಂದೊಂದ ಸಣ್ಣ ಸುತ್ತಿಗಿ ಹೋಗಿ ತಂತಿಗೆ ಬಡೀತದ. ಮೆತ್ತಗ ಒತ್ತಿದ್ರ ಮೆತ್ತಗ, ಜೋರ ಒತ್ತಿದ್ರ ಜೋರ. ಹಿಂಗಾಗಿ ಬಾರಸೂವರ ಮನಸ್ಸಿನ್ಯಾಗ ಏನದ ಅನ್ನೂದು ಬೆರಳಿನ್ಯಾಗ ಗೊತ್ತಾಗಿಬಿಡ್ತದ. 17ನೇ ವಯಸ್ಸಿಗೇ ದೊಡ್ಡ ವಾದ್ಯವೃಂದದ ಮುಂದ ಕೂತು ಬೀಥೋವನ್‌ನ ಕೃತಿ ಬಾರಿಸಿ ಆಕಿ ಹೆಸರು ತಗೊಂಡ್ಲು.

1939ರ ಸೆಪ್ಟೆಂಬರ್ 3ಕ್ಕ ಇಂಗ್ಲೆಂಡ್ ಜರ್ಮನಿ ಮ್ಯಾಲ ಯುದ್ಧ ಸಾರಿತು. ಮಂದಿ ಒಂದೇ ಕಡೆ ಸೇರಿದ್ರ, ಒಂದ ಬಾಂಬ್ ಬಿದ್ರ ಎಷ್ಟ ಜೀವ ಹೋದಾವು ಅಂತ ಹೇಳಿ ಸರ್ಕಾರ ಸಿನಿಮಾ, ನಾಟಕ, ಸಂಗೀತದ ಸಭಾಗೃಹ ಎಲ್ಲಾ ಮುಚ್ಚಿಸಿಬಿಡ್ತು. ಕತ್ತಲಾದ ಮ್ಯಾಲ ಒಂದ ದೀಪದ ಬೆಳಕೂ ಹೊರಗ ಕಾಣಬಾರದು. ಹಾಡೂವರು, ಬಾರಸೂವರು ಎಲ್ಲಾರೂ ಕೆಲಸ ಇಲ್ದ ಮನ್ಯಾಗ ಕೂತ್ರು. ಟ್ರಫಾಲ್ಗರ್ ಚೌಕದಾಗಿನ ನ್ಯಾಷನಲ್ ಗ್ಯಾಲರಿ ಅಂತೂ ಬಿಕೋ ಅಂತಿತ್ತು. ಅಲ್ಲಿದ್ದ ಬೆಲೆಬಾಳೂ ಚಿತ್ರಗಳನ್ನೆಲ್ಲಾ ಗಂಟು ಕಟ್ಟಿ ದೂರದ ವೇಲ್ಸ್‌ಗೆ ಸಾಗಿಸಿದ್ರು. ಉಳಿದದ್ದು ಖಾಲಿ ಗ್ವಾಡಿ ಅಷ್ಟ.

ಮೈರಾ ಆ ವರ್ಷ ಅಮೆರಿಕಾಕ್ಕ ಹೋಗಿ ಕಛೇರಿ ಮಾಡೂದಿತ್ತು. ಅಲ್ಲಿ ಯುದ್ಧ ಇರಲಿಲ್ಲ, ಹೆಸರೂ ಇತ್ತು, ರೊಕ್ಕನೂ ಇತ್ತು. ಆಕಿ ಅದನ್ನ ರದ್ದು ಮಾಡಿದ್ಲು. ಗ್ಯಾಲರಿಯ ಮುಖ್ಯಸ್ಥ ಕೆನೆತ್ ಕ್ಲಾರ್ಕ್ ಅವರ ಹತ್ರ ಹೋಗಿ, ಈ ಖಾಲಿ ಕೋಣಿಯೊಳಗ ಆಗಾಗ ಕಛೇರಿ ಇಟ್ಟಕೋಬಹುದಾ ಅಂತ ಕೇಳಿದ್ಲು. ಅವರು, ಆಗಾಗ ಯಾಕ, ದಿನಾ ಇಟ್ಟಕೋರಿ ಅಂದ್ರು. ರಾತ್ರಿ ಕತ್ತಲು, ಸೈರನ್ ಗದ್ದಲ. ಅದಕ್ಕ ಊಟದ ಬಿಡುವಿನ ಹೊತ್ತನ್ನ ಆರಿಸಿದ್ರು. ಸೋಮವಾರದಿಂದ ಶುಕ್ರವಾರ, ಒಂದ ಗಂಟೆಕ್ಕ. ಆಫೀಸಿನ ಗುಮಾಸ್ತರು, ಟೈಪಿಸ್ಟ್ ಹುಡಿಗ್ಯಾರು, ರಜಾದ ಮ್ಯಾಲ ಬಂದ ಸಿಪಾಯಿಗಳು, ಯಾರ ಬೇಕಾದ್ರೂ ಬರಬಹುದು. ತಿಕೀಟ ಒಂದ ಶಿಲ್ಲಿಂಗ್.

ಅಕ್ಟೋಬರ್ 10ಕ್ಕ ಮೊದಲನೇ ಕಛೇರಿ. ಯಾರೂ ಬರಲಿಲ್ಲಂದ್ರ ಇನ್ನೊಬ್ಬರಿಗೆ ಅವಮಾನ ಆಗೂದು ಬ್ಯಾಡ ಅಂತ ತಾನ ಬಾರಸ್ಲಿಕ್ಕೆ ಕೂತ್ಲು. 200 ಮಂದಿಗೆ ಅಷ್ಟ ಪರವಾನಗಿ ಇತ್ತು. ಬಂದವರು ಹತ್ತಹತ್ರ ಒಂದ ಸಾವಿರ! ಹೊರಗ ಚೌಕದ ತನಕ ಪಾಳಿ. ಕುರ್ಚಿ ಸಾಲದ ಮಂದಿ ನೆಲದ ಮ್ಯಾಲ ಕೂತ್ರು. ಆಕಿ ಬೀಥೋವನ್‌ನ ಅಪ್ಪಾಶಿಯೊನಾಟಾ ಬಾರಿಸಿದ್ಲು. ಆವಾಗ ನನ್ನ ಕಣ್ಣಾಗೂ ನೀರು ಬಂತು, ಅರ್ಧಾ ಸಭಾದವರ ಕಣ್ಣಾಗೂ ನೀರಿತ್ತು ಅಂತ ಕ್ಲಾರ್ಕ್ ಮುಂದ ಬರದಿಟ್ಟಾರ.

ಈಗ ನೋಡ್ರಿ, ಬೀಥೋವನ್ ಯಾವ ದೇಶದವ? ಜರ್ಮನಿಯವ. ಶೂಮನ್, ಬ್ರಾಮ್ಸ್, ಮೆಂಡೆಲ್ಸನ್ ಎಲ್ಲಾ ಜರ್ಮನಿಯವರ. ಇವರ ಕಾಲಕ್ಕ ರೊಮ್ಯಾಂಟಿಕ್ ಕಾಲ ಅಂತಾರ, ಅಂದ್ರ 1800ರಿಂದ ಈಚೆ ಸುಮಾರು ನೂರ ವರ್ಷ. ದರಬಾರದ ಶಿಸ್ತಿಗಿಂತ ಮನಸ್ಸಿನ ದುಃಖ, ಆಸೆ, ನೆನಪು ಇವನ್ನ ಹೇಳೂ ಸಂಗೀತ ಅದು. ಯಾವ ದೇಶದ ವಿಮಾನ ತಮ್ಮ ಊರ ಮ್ಯಾಲ ಬಾಂಬ್ ಹಾಕ್ಲಿಕ್ಕೆ ಬರ್ತಿದ್ವೋ ಆ ದೇಶದವರ ಸಂಗೀತನ ಲಂಡನ್ ಮಂದಿ ಉಪಾಸ ಕೂತು ಕೇಳಿಧಂಗ ಕೇಳಿದ್ರು. ಅದು ವೈರಿ ಸಂಗೀತ ಅಲ್ಲ, ಹಿಟ್ಲರ್ ಹುಟ್ಟೂ ಮೊದಲಿನ ಮನುಷ್ಯಾರ ಸಂಗೀತ ಅಂತ ಅವರಿಗೆ ತಿಳಿದಿತ್ತು.

ಅತ್ತಾಗ ಹಿಟ್ಲರ್ ಕಡೆಯವರು ಏನ ಮಾಡಿದ್ರು? ಮೆಂಡೆಲ್ಸನ್ ಯಹೂದಿ ಮನಿತನದಾಗ ಹುಟ್ಟಿದಾವ ಅಂತ ಅವನ ಸಂಗೀತ ಬಂದ್ ಮಾಡಿಸಿದ್ರು, 1936ರಾಗ ಲೈಪ್‌ಜಿಗ್‌ನ್ಯಾಗಿದ್ದ ಅವನ ಮೂರ್ತಿ ಕೆಡವಿದ್ರು. ಪೋಲೆಂಡ್ ಗೆದ್ದ ಮ್ಯಾಲ 1940ರಾಗ ವಾರ್ಸಾದಾಗಿನ ಶೋಪ್ಯಾಂನ ಮೂರ್ತಿ ಒಡದ್ರು, ಪೋಲೆಂಡ್ ಮಂದಿ ತಮ್ಮವನ ಸಂಗೀತ ತಾವು ಸಭಾದಾಗ ಬಾರಸಬಾರದು ಅಂದ್ರು. ಮೈರಾನೂ ಯಹೂದಿ ಹೆಣ್ಣಮಗಳು. ಆಕಿಗೆ ಸಿಟ್ಟು ಬರಲಿಕ್ಕೆ ಎಲ್ಲಾರಿಗಿಂತ ಹೆಚ್ಚ ಕಾರಣ ಇತ್ತು. ಆದ್ರೂ ಬೀಥೋವನ್‌ನ ಬಿಡಲಿಲ್ಲ, ಶೂಮನ್‌ನ ಬಿಡಲಿಲ್ಲ.

ಶೂಮನ್‌ನ ಪಿಯಾನೊ ಕಾನ್ಸರ್ಟೊ ಅಂದ್ರ ಮೈರಾಂದ ಬಾರಸಬೇಕು ಅಂತಿದ್ರು ಮಂದಿ. ಅದನ್ನ 1845ರಾಗ ಡ್ರೆಸ್ಡನ್‌ನ್ಯಾಗ ಮೊದಲ ಬಾರಿಸಿದಾಕಿ ಅವನ ಹೆಂಡತಿ ಕ್ಲಾರಾ. ಎಂಟ ಮಕ್ಕಳ ತಾಯಿ. ಗಂಡನ ತಲಿ ಕೆಟ್ಟು ಅವ ಆಸ್ಪತ್ರಿ ಸೇರಿ, ಅಲ್ಲೇ 1856ರಾಗ ತೀರಿಕೊಂಡ. ಕ್ಲಾರಾ ಊರೂರು ತಿರಗಿ ಪಿಯಾನೊ ಬಾರಿಸಿ ಮಕ್ಕಳನ್ನ ಸಾಕಿದ್ಲು, ಲಂಡನ್‌ಗೂ ಎಷ್ಟೋ ಸಲ ಬಂದಿದ್ಲು. ಹೆಣ್ಣಮಕ್ಕಳು ಕಷ್ಟದಾಗ ಕಲೆ ಹಿಡಕೊಂಡು ನಿಂತದ್ದು ಮೈರಾಂದ ಮೊದಲನೇದಲ್ಲ.

1940ರ ಸೆಪ್ಟೆಂಬರ್‌ನಿಂದ ಲಂಡನ್ ಮ್ಯಾಲ ದಿನಾ ರಾತ್ರಿ ಬಾಂಬ್ ಸುರೀಲಿಕ್ಕೆ ಹತ್ತಿದ್ವು. ಕಛೇರಿ ನೆಲಮಾಳಿಗಿಗೆ ಇಳೀತು. ಅಕ್ಟೋಬರ್‌ದಾಗ ಗ್ಯಾಲರಿಗೇ ಬಾಂಬ್ ಬಿತ್ತು. ಒಂದ ಮಧ್ಯಾಹ್ನ ನಾಲ್ಕು ಮಂದಿ ಕೂತು ಬೀಥೋವನ್ ಬಾರಸೂವಾಗ, ಸಿಡೀಲಾರದ ಉಳಿದಿದ್ದ ಒಂದ ಬಾಂಬ್ ಅದೇ ಕಟ್ಟಡದ ಇನ್ನೊಂದ ಕಡೆ ಢಂ ಅಂತ ಸಿಡೀತು. ಬಾರಸೂವರು ಕೈ ನಿಲ್ಲಿಸಲಿಲ್ಲ. ಮತ್ತೊಂದ ಸಲ ಪಕ್ಕದ ಸೌತ್ ಆಫ್ರಿಕಾ ಹೌಸ್‌ಗೆ ಹೋಗಿ ಕಛೇರಿ ಮುಗಿಸಿದ್ರು, ಆದ್ರ ತಪ್ಪಿಸಲಿಲ್ಲ.

ಇನ್ನ ನಮಗ ಬೇಕಾದ ಸುದ್ದಿ, ಊಟದ್ದು. ಲೇಡಿ ಗೇಟರ್ ಅನ್ನೋರು ಅಲ್ಲಿ ಉಪಾಹಾರದ ವ್ಯವಸ್ಥಾ ನೋಡಕೊಂಡ್ರು. 1940ರ ಜನವರಿಯಿಂದ ಬೆಣ್ಣಿ, ಸಕ್ಕರಿ ಎಲ್ಲಾ ರೇಷನ್. ಅದರಾಗ ಅವರ ಜೇನುತುಪ್ಪ-ಒಣದ್ರಾಕ್ಷಿ ಸ್ಯಾಂಡ್‌ವಿಚ್ ಊರೆಲ್ಲಾ ಹೆಸರಾತು. ಸಂಗೀತ ಎಷ್ಟ ದೊಡ್ಡದಿದ್ರೂ, ಹಸಿದ ಬಂದ ಮಂದಿಗೆ ಹೊಟ್ಟಿಗಿಷ್ಟು ಹಾಕೂ ಕೈ ಇರಲಿಲ್ಲಂದ್ರ ಆ ಒಂದ ತಾಸು ನಡೀತಿತ್ತೇನ್ರಿ?

1946ರ ಏಪ್ರಿಲ್‌ದಾಗ ಕಡೀ ಕಛೇರಿ. ಅಷ್ಟರಾಗ ಒಟ್ಟು 1,698 ಕಛೇರಿ ಆಗಿದ್ವು, ಕೇಳಿದವರು 8,24,152 ಮಂದಿ. ಮೈರಾ ಸುಮಾರು 150 ಸಲ ತಾನ ಬಾರಿಸಿದ್ಲು, ಒಂದ ಪೈಸಾ ಮುಟ್ಟಲಿಲ್ಲ. ಉಳಿದ ರೊಕ್ಕ ಕಷ್ಟದಾಗಿದ್ದ ಸಂಗೀತಗಾರರ ನಿಧಿಗೆ ಹೋತು. 1941ರಾಗ ಆಕಿಗೆ ಡೇಮ್ ಅನ್ನೋ ಬಿರುದು ಕೊಟ್ರು. ತೀರಿಕೊಂಡಿದ್ದು 1965ರಾಗ. ಅಮೆರಿಕಾದ ಶಿಕಾಗೊದಾಗ 1977ರಿಂದ ಆಕಿ ಹೆಸರಿಲೇ ಬುಧವಾರದ ಮಧ್ಯಾಹ್ನದ ಕಛೇರಿ ಪುಕ್ಕಟೆ ನಡಸ್ತಾರ.

ಲಿಸನ್ ಟು ಬ್ರಿಟನ್ ಅಂತ 1942ರ ಒಂದ ಸಣ್ಣ ಸಿನಿಮಾ ಅದ. ಅದರಾಗ ಮೈರಾ ಬಾರಸೂದು ಕಾಣ್ತದ. ಅಲ್ಲಿ ಮೊಝಾರ್ಟ್ ಬಾರಸ್ತಾಳ, ಮಂದಿ ಡಬ್ಬಿ ಬಿಚ್ಚಿ ಸ್ಯಾಂಡ್‌ವಿಚ್ ತಿಂತಾರ, ರಾಣಿನೂ ಅದೇ ಮಂದಿ ನಡುವ ಕೂತು ಕೇಳ್ತಾಳ. ಮಕ್ಕಳಿಗೆ ಹೇಳಿದ್ರ ಮೊಬೈಲ್‌ದಾಗ ಹುಡುಕಿ ಕೊಡ್ತಾರ. ಮುಸುರಿ ಅರ್ಧಾ ತಾಸು ತಡಾ ಆದ್ರೂ ನಡೀತದ, ಕೂತು ನೋಡ್ರಿ.